ಹೊಟ್ಟೆಯೊಳಗೆ ಉಳಿದ ಟವೆಲ್, ಸಿಗದೇ ಹೋದ ಸಹಿ: ಔರಂಗಾಬಾದ್‌ನಿಂದ ನಾಸಿಕ್‌ವರೆಗೆ ಒಂದು ಕಾನೂನಿನ ಕತೆ

ಹೋದ ವಾರ ಚಾನೆಲ್‌ನಲ್ಲಿ ಮಾತಾಡಿದ್ದರ ಬರಹ ರೂಪ ಇದು. ವಿಡಿಯೋ ಉದ್ದ ಆಯ್ತು, ಓದೋಕೆ ಕೊಡಿ ಅಂತ ತುಂಬ ಜನ ಕೇಳಿದ್ರಿ. ಮಾತಿನಲ್ಲಿ ತಡವರಿಸಿದ ಕಡೆ ತಿದ್ದಿದ್ದೇನೆ, ಉಳಿದದ್ದು ಹಾಗೇ ಇದೆ.

ಮೊದಲೇ ಹೇಳಿಬಿಡ್ತೀನಿ. ನಾನು ವಕೀಲನಲ್ಲ, ಡಾಕ್ಟರೂ ಅಲ್ಲ. ಎಂಟೆಕ್ ಮಾಡಿ ಹತ್ತು ವರ್ಷದಿಂದ ಕೋಡ್ ಬರೆಯೋನು, ಅದರಲ್ಲಿ ಐದು ವರ್ಷ ಮಹಾರಾಷ್ಟ್ರದಲ್ಲಿ. ಈ ವಿಷಯ ನಾನಾಗಿ ಆರಿಸಿಕೊಂಡಿದ್ದಲ್ಲ. ಮನೆಯೊಳಗೆ ಬಂತು, ಕೂತ್ಕೊಂಡಿತು, ಆಮೇಲೆ ಓದಬೇಕಾಯ್ತು.

ನಾಸಿಕ್‌ನಲ್ಲಿ ನಮ್ಮ ದೊಡ್ಡಮ್ಮ ಇದ್ದರು. ಮಗನ ಕೆಲಸದ ಜೊತೆ ಹುಬ್ಬಳ್ಳಿಯಿಂದ ಬಂದವರು. ಗೋದಾವರಿ ಇಲ್ಲೇ ಹುಟ್ಟೋದು, ರಾಮಕುಂಡ ಹತ್ತಿರ, ಸಾಯೋಕೂ ಒಳ್ಳೇ ಊರು ಅಂತ ತಮಾಷೆ ಮಾಡ್ತಿದ್ದರು. 2022ರ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಆಪರೇಷನ್ ಚೆನ್ನಾಗಿಯೇ ಆಯ್ತು. ಆದರೆ ಮಲಗಿದವರನ್ನ ಮಗ್ಗುಲು ಹೊರಳಿಸುವವರು ಇರಲಿಲ್ಲ. ಹತ್ತನೇ ದಿನ ಅಣ್ಣ ಬೆನ್ನಿನ ಕೆಳಗೆ ಕೈ ಹಾಕಿದಾಗ ಬಟ್ಟೆ ಒದ್ದೆ ಇತ್ತು. ಹುಣ್ಣು ಮೂಳೆಯವರೆಗೆ ಹೋಗಿತ್ತು. ನಂಜು ರಕ್ತಕ್ಕೆ ಏರಿ, ಮೂರು ವಾರದಲ್ಲಿ ದೊಡ್ಡಮ್ಮ ಹೋದರು.

ಅಣ್ಣನಿಗೆ ದುಡ್ಡು ಬೇಕಿರಲಿಲ್ಲ. "ತಪ್ಪಾಯ್ತು ಅಂತ ಯಾರಾದ್ರೂ ಒಬ್ಬರು ಹೇಳಲಿ" ಅಂತಿದ್ದ. ಪರಿಚಯದ ಒಬ್ಬರು, "ಕೇಸು ಹಾಕಬೇಕು ಅಂದ್ರೆ ಮೊದಲು ಇನ್ನೊಬ್ಬ ಡಾಕ್ಟರ್ ಹತ್ರ ಬರೆಸಿಕೊಂಡು ಬನ್ನಿ, ಅದಿಲ್ಲದೆ ಏನೂ ಆಗೋಲ್ಲ" ಅಂದರು. ನಾವಿಬ್ಬರೂ ಫೈಲ್ ಹಿಡ್ಕೊಂಡು ಮೂರು ಜನ ಸರ್ಜನ್‌ಗಳ ಹತ್ತಿರ ಹೋದೆವು. ಮೂರನೆಯವರು ಒಳ್ಳೆಯವರು. ಇಡೀ ಫೈಲ್ ಓದಿದರು. ಕನ್ನಡಕ ತೆಗೆದು ಹೇಳಿದರು: "ನೀವು ಹೇಳೋದು ಸರಿ. ಆದ್ರೆ ನನ್ನ ಸಹಿ ಕೇಳಬೇಡಿ. ನಾಳೆ ನಾನೂ ಇದೇ ಊರಲ್ಲಿ ಪ್ರಾಕ್ಟೀಸ್ ಮಾಡಬೇಕು."

ಆ ಒಂದು ಸಹಿಯ ಇತಿಹಾಸ ಏನು? ಅದು ನಿಜವಾಗಲೂ ಬೇಕಾ? ಬೇಕು ಅಂತ ಯಾರು, ಯಾವಾಗ ಹೇಳಿದರು? ಇವತ್ತಿನ ವಿಷಯ ಇಷ್ಟೇ.

1963, ಔರಂಗಾಬಾದ್

ಈ ಕತೆಯ ಮೊದಲ ತುದಿ ಸಿಕ್ಕಿದ್ದು ನಾಸಿಕ್‌ನಿಂದ ಹೆಚ್ಚೂ ಕಡಿಮೆ ಇನ್ನೂರು ಕಿಲೋಮೀಟರ್ ಪೂರ್ವಕ್ಕೆ, ಈಗಿನ ಛತ್ರಪತಿ ಸಂಭಾಜಿನಗರದಲ್ಲಿ. 2023ರಲ್ಲಿ ಊರಿನ ಹೆಸರು ಅಧಿಕೃತವಾಗಿ ಬದಲಾಯಿತು. ನಾನು ಹೇಳುವ ಕಾಲಕ್ಕೆ ಅದು ಔರಂಗಾಬಾದ್, ಹಾಗಾಗಿ ಹಳೆಯ ಹೆಸರನ್ನೇ ಬಳಸ್ತೀನಿ. ಕಲಬುರಗಿ, ಬೀದರ್, ರಾಯಚೂರಿನವರಿಗೆ ಈ ಊರು ದೂರದ್ದಲ್ಲ. 1956ರ ಅಕ್ಟೋಬರ್ ಕೊನೆಯವರೆಗೂ ಈ ನಾಲ್ಕೂ ಹೈದರಾಬಾದ್ ರಾಜ್ಯದ ಜಿಲ್ಲೆಗಳೇ.

1963ರ ಜುಲೈ 10. ಒಬ್ಬ ಹೆಣ್ಣುಮಗಳು ಹೆರಿಗೆಗೆ ಅಂತ ಅಲ್ಲಿನ ಸರ್ಕಾರಿ ಮಹಿಳಾ ಆಸ್ಪತ್ರೆಗೆ ಸೇರಿದಳು. ಹೆರಿಗೆ ಆಯ್ತು. ಮಕ್ಕಳು ಸಾಕು ಅಂತ ಮೊದಲೇ ತೀರ್ಮಾನ ಆಗಿತ್ತು, ಜುಲೈ 13ಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ಸಣ್ಣ ಆಪರೇಷನ್. ಆದರೆ ಅದಾದ ಮೇಲೆ ಜ್ವರ ಏರಿತು, ಹೊಟ್ಟೆನೋವು ತಡೆಯೋಕಾಗಲಿಲ್ಲ. ದಿನದಿನಕ್ಕೆ ಹದಗೆಟ್ಟಿತು. ಜುಲೈ 19ರಂದು ಮುಖ್ಯ ಸರ್ಕಾರಿ ಆಸ್ಪತ್ರೆಯ ಸರ್ಜನ್ ಒಬ್ಬರು ಬಂದು ಹೊಲಿಗೆ ಬಿಚ್ಚಿ ನೋಡಿದರು. ಒಳಗೆ ಒಂದು ಟವೆಲ್ ಇತ್ತು. ಶಸ್ತ್ರಚಿಕಿತ್ಸೆ ವೇಳೆ ರಕ್ತ ಒರೆಸೋಕೆ ಇಡುವ ಬಟ್ಟೆ. ಅದನ್ನು ತೆಗೆದರು, ಕೀವು ತೆಗೆದರು, ಮತ್ತೆ ಹೊಲಿದರು. ಜುಲೈ 24ಕ್ಕೆ ಆ ತಾಯಿ ತೀರಿಕೊಂಡಳು.

ಗಂಡ, ಮಕ್ಕಳು ಸರ್ಕಾರದ ಮೇಲೆ, ಡಾಕ್ಟರುಗಳ ಮೇಲೆ ಸಿವಿಲ್ ದಾವೆ ಹಾಕಿದರು. ಔರಂಗಾಬಾದ್‌ನ ಕೋರ್ಟು 36,000 ರೂಪಾಯಿ ಪರಿಹಾರ ಕೊಡಿ ಅಂತು. ಮೇಲ್ಮನವಿಯಲ್ಲಿ ಹೈಕೋರ್ಟು ಅದನ್ನು ತಿರುಗಿಸಿತು. ಕುಟುಂಬ ಸುಪ್ರೀಂ ಕೋರ್ಟಿಗೆ ಹೋಯಿತು. ಕಾನೂನು ಪುಸ್ತಕಗಳಲ್ಲಿ ಈ ಪ್ರಕರಣದ ಹೆಸರು 'ಅಚ್ಯುತರಾವ್ ಖೋಡ್ವಾ ವಿರುದ್ಧ ಮಹಾರಾಷ್ಟ್ರ ರಾಜ್ಯ'. ಅದರ ಕೊನೆಯ ತೀರ್ಪು ಬಂದಿದ್ದು 1996ರಲ್ಲಿ. ಆ ತಾಯಿ ಹೆತ್ತ ಕೂಸಿಗೆ ಆಗ ಮೂವತ್ತೆರಡು ತುಂಬಿರಬೇಕಾದ ಕಾಲ.

ತೀರ್ಪು ಏನು ಅಂತ ಆಮೇಲೆ ಹೇಳ್ತೀನಿ. ಕೇಸು ಕೋರ್ಟಿನಿಂದ ಕೋರ್ಟಿಗೆ ಹೋಗುತ್ತಿದ್ದ ಆ ಮೂರು ದಶಕದಲ್ಲಿ ಕಾನೂನು ಏನೇನು ಕಲಿಯಿತು ಅನ್ನೋದನ್ನ ಮೊದಲು ನೋಡೋಣ.

"ನಾನಿದ್ದರೂ ಹೀಗೇ ಮಾಡ್ತಿದ್ದೆ"

ತಜ್ಞರ ಅಭಿಪ್ರಾಯಕ್ಕೆ ಕೋರ್ಟಿನಲ್ಲಿ ಜಾಗ ಕೊಟ್ಟಿದ್ದು 1872ರ ಸಾಕ್ಷ್ಯ ಕಾಯ್ದೆಯ 45ನೇ ಕಲಂ. ಈಗ ಅದೇ ಮಾತು ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂನಲ್ಲಿದೆ. ನ್ಯಾಯಾಧೀಶರಿಗೆ ವಿಜ್ಞಾನ, ಕಲೆ, ವಿದೇಶಿ ಕಾನೂನು, ಕೈಬರಹ ಇಂಥ ವಿಷಯದಲ್ಲಿ ಅಭಿಪ್ರಾಯಕ್ಕೆ ಬರಬೇಕಾದಾಗ ಅದರಲ್ಲಿ ವಿಶೇಷ ಪರಿಣತಿ ಇರುವವರ ಮಾತು ಕೇಳಬಹುದು ಅನ್ನೋದು ಅದರ ತಾತ್ಪರ್ಯ. ಗಮನಿಸಿ, ಕೇಳಬಹುದು. ಕೇಳಲೇಬೇಕು ಅಂತ ಇಲ್ಲ. ಕೇಸು ಹಾಕುವ ಮೊದಲೇ ತರಬೇಕು ಅಂತಂತೂ ಇಲ್ಲವೇ ಇಲ್ಲ.

ವೈದ್ಯರ ವಿಷಯಕ್ಕೆ ಬಂದಾಗ ಇನ್ನೊಂದು ಅಳತೆಗೋಲು ಇಂಗ್ಲೆಂಡಿನಿಂದ ಬಂತು. 1957ರ ಬೋಲಂ ಪ್ರಕರಣ. ಆ ಕ್ಷೇತ್ರದ ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಸರಿ ಅಂತ ಒಪ್ಪುವ ರೀತಿಯಲ್ಲಿ ಡಾಕ್ಟರ್ ನಡೆದುಕೊಂಡಿದ್ದರೆ ಅದು ನಿರ್ಲಕ್ಷ್ಯವಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಕೋಡ್ ರಿವ್ಯೂ. ಪ್ರೊಡಕ್ಷನ್ ಬಿದ್ದು ಹೋಯ್ತು ಅಂದ ಮಾತ್ರಕ್ಕೆ ಎಂಜಿನಿಯರ್ ಬೇಜವಾಬ್ದಾರಿ ಅಂತಲ್ಲ. ಇನ್ನೊಬ್ಬ ಹಿರಿಯ ಎಂಜಿನಿಯರ್ ನೋಡಿ "ನಾನಿದ್ದರೂ ಹೀಗೇ ಬರೀತಿದ್ದೆ" ಅಂದರೆ ಅವನು ಬಚಾವ್. ನ್ಯಾಯವೇ ಇದು. ಆದರೆ ಇದರ ಇನ್ನೊಂದು ಪರಿಣಾಮ ನೋಡಿ. ಕೋರ್ಟಿನ ಒಳಗೆ ಅತಿ ಮುಖ್ಯ ವ್ಯಕ್ತಿ ರೋಗಿಯೂ ಅಲ್ಲ, ಆರೋಪ ಹೊತ್ತ ಡಾಕ್ಟರೂ ಅಲ್ಲ. ಮೂರನೆಯವನು. ಮಾತಾಡುವ ಇನ್ನೊಬ್ಬ ಡಾಕ್ಟರ್.

ಮಹಾರಾಷ್ಟ್ರದ್ದೇ ಇನ್ನೊಂದು ಹಳೆಯ ಪ್ರಕರಣ ಇದೆ, ಜೋಶಿ ವಿರುದ್ಧ ಗೋಡಬೋಲೆ. 1953ರ ಮೇ ತಿಂಗಳಲ್ಲಿ ರತ್ನಾಗಿರಿ ಜಿಲ್ಲೆಯ ಪಾಲ್ಶೇತ್ ಕಡಲ ತೀರದಲ್ಲಿ ಇಪ್ಪತ್ತರ ಹುಡುಗನೊಬ್ಬನ ತೊಡೆಮೂಳೆ ಮುರಿಯಿತು. ಪುಣೆಗೆ ತಂದರು. ಸರಿಯಾದ ಅರಿವಳಿಕೆ ಕೊಡದೆ, ಬಲ ಹಾಕಿ ಕಾಲು ಎಳೆದು ಮೂಳೆ ಕೂಡಿಸಿದರು ಅನ್ನೋದು ಆರೋಪ. ಅದೇ ದಿನ ರಾತ್ರಿ ಹುಡುಗ ತೀರಿಕೊಂಡ. 1968ರ ಮೇ 2ರಂದು ಸುಪ್ರೀಂ ಕೋರ್ಟು ವೈದ್ಯರದ್ದು ನಿರ್ಲಕ್ಷ್ಯ ಅಂತ ಎತ್ತಿ ಹಿಡಿಯಿತು. ಪರಿಹಾರ 3,000 ರೂಪಾಯಿ. ಮೊತ್ತ ಬಿಡಿ, ಕಾಲ ನೋಡಿ. ಹದಿನೈದು ವರ್ಷ. ಸಿವಿಲ್ ಕೋರ್ಟಿನ ದಾರಿ ಅಂದರೆ ಇದು. ವಕೀಲರ ಫೀಸು, ಕೋರ್ಟ್ ಶುಲ್ಕ, ತಜ್ಞರನ್ನು ಕರೆಸೋದು, ವರ್ಷಗಟ್ಟಲೆ ಕಾಯೋದು.

ಒಂದೇ ವರ್ಷ, ಎರಡು ಬಾಗಿಲು

1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಕಡಿಮೆ ಖರ್ಚು, ಬೇಗ ತೀರ್ಪು, ವಕೀಲರಿಲ್ಲದೆಯೂ ವಾದಿಸಬಹುದು. ಫ್ರಿಜ್ ಕೆಟ್ಟರೆ ಸರಿ, ಆದರೆ ಡಾಕ್ಟರ್ ಮಾಡೋದು 'ಸೇವೆ'ಯಾ? 1995ರ ನವೆಂಬರ್ 13ರಂದು ಸುಪ್ರೀಂ ಕೋರ್ಟಿನ ಮೂವರ ಪೀಠ ಭಾರತೀಯ ವೈದ್ಯಕೀಯ ಸಂಘದ ಪ್ರಕರಣದಲ್ಲಿ ಹೌದು ಅಂತು. ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆ ಈ ಕಾಯ್ದೆಯ ಒಳಗೆ, ಎಲ್ಲರಿಗೂ ಪೂರ್ತಿ ಉಚಿತವಾಗಿ ಕೊಡುವ ಆಸ್ಪತ್ರೆ ಹೊರಗೆ.

ವೈದ್ಯರ ಸಂಘದ ಒಂದು ವಾದ ನ್ಯಾಯವಾದದ್ದೇ ಆಗಿತ್ತು. ಇಂಥ ಕೇಸುಗಳಿಗೆ ತಜ್ಞರ ಸಾಕ್ಷ್ಯ ಬೇಕು, ಗ್ರಾಹಕ ವೇದಿಕೆಯ ಚುಟುಕು ವಿಚಾರಣೆಗೆ ಅದು ಹೊಂದೋಲ್ಲ ಅಂತ. ಅದಕ್ಕೆ ಕೋರ್ಟು ಕೊಟ್ಟ ಉತ್ತರ ನನಗೆ ತುಂಬ ಇಷ್ಟ. ಎಲ್ಲ ಕೇಸೂ ಜಟಿಲವಾಗಿರೋಲ್ಲ ಅಂತು. ತಪ್ಪು ಕೈಯನ್ನೋ ಕಾಲನ್ನೋ ಕತ್ತರಿಸೋದು, ಒಬ್ಬರಿಗೆ ಮಾಡಬೇಕಾದ ಆಪರೇಷನ್ ಇನ್ನೊಬ್ಬರಿಗೆ ಮಾಡೋದು, ಅಲರ್ಜಿ ಇದೆ ಅಂತ ಚೀಟಿಯಲ್ಲಿ ಬರೆದಿದ್ದರೂ ನೋಡದೆ ಅದೇ ಇಂಜೆಕ್ಷನ್ ಕೊಡೋದು, ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿಯೋದು. ಇಂಥವಕ್ಕೆ ಕಷ್ಟದ ಸಾಕ್ಷ್ಯವೇ ಬೇಕಿಲ್ಲ ಅನ್ನೋ ಅರ್ಥದಲ್ಲಿ ಒಂದು ಪಟ್ಟಿಯನ್ನೇ ಕೊಟ್ಟಿತು.

ಈಗ ಎಡಿಸನ್, ಜರ್ಸಿ ಸಿಟಿ ಕಡೆಯಿಂದ ನೋಡ್ತಿರೋರು ಗಮನಿಸಿ. ಅದೇ 1995ರಲ್ಲಿ ನಿಮ್ಮ ನ್ಯೂಜೆರ್ಸಿಯಲ್ಲಿ ಉಲ್ಟಾ ದಿಕ್ಕಿನ ಕಾನೂನು ಬಂತು. ವೈದ್ಯರ ಮೇಲೋ, ಲೈಸೆನ್ಸ್ ಇರುವ ಆಸ್ಪತ್ರೆ ಅಥವಾ ನರ್ಸಿಂಗ್ ಹೋಮ್ ಮೇಲೋ ದಾವೆ ಹಾಕಿದರೆ, ಅವರು ಉತ್ತರ ಸಲ್ಲಿಸಿದ 60 ದಿನದೊಳಗೆ, ಸಕಾರಣ ಇದ್ದರೆ ಇನ್ನೂ 60 ದಿನದೊಳಗೆ, ತಕ್ಕ ಪರಿಣತರಿಂದ ಪ್ರಮಾಣಪತ್ರ ಕೊಡಬೇಕು. ಈ ಕೇಸಿನಲ್ಲಿ ಹುರುಳಿದೆ ಅಂತ. ಕೊಡದಿದ್ದರೆ ಕೇಸು ಮುಗೀತು. ಅಮೆರಿಕದ ಬೇರೆ ಎಷ್ಟೋ ರಾಜ್ಯಗಳಲ್ಲೂ ಇಂಥ ನಿಯಮ ಇದೆ. ಅಲ್ಲಿ ನರ್ಸಿಂಗ್ ಹೋಮ್ ಅಂದರೆ ವೃದ್ಧರನ್ನು ನೋಡಿಕೊಳ್ಳುವ ಜಾಗ, ನಮ್ಮಲ್ಲಿ ಸಣ್ಣ ಖಾಸಗಿ ಆಸ್ಪತ್ರೆ. ಹೆಸರೊಂದೇ, ಅರ್ಥ ಬೇರೆ. ಆದರೆ ಮಲಗಿದವರ ಬೆನ್ನು ಎರಡೂ ಕಡೆ ಒಂದೇ.

ಅಲ್ಲೂ ಆರು ವರ್ಷದಲ್ಲಿ ಒಂದು ಕಿಟಕಿ ತೆರೆಯಿತು. 2001ರ ಹಬ್ಬರ್ಡ್ ಪ್ರಕರಣದಲ್ಲಿ ದಂತವೈದ್ಯರು ತಪ್ಪು ಹಲ್ಲು ಕಿತ್ತಿದ್ದರು ಅನ್ನೋದು ದೂರು. ನ್ಯೂಜೆರ್ಸಿಯ ಸುಪ್ರೀಂ ಕೋರ್ಟು, ಸಾಮಾನ್ಯ ಬುದ್ಧಿಗೆ ಗೊತ್ತಾಗುವ ತಪ್ಪಿಗೆ ತಜ್ಞರ ಪ್ರಮಾಣಪತ್ರ ಬೇಡ ಅಂತು. ತಪ್ಪು ಹಲ್ಲು ತಪ್ಪು ಹಲ್ಲೇ. ಅದಕ್ಕೆ ಇನ್ನೊಬ್ಬ ಡೆಂಟಿಸ್ಟ್ ಸಹಿ ಯಾಕೆ?

ಟವೆಲ್ ತಾನೇ ಮಾತಾಡಿತು

ಈಗ ಔರಂಗಾಬಾದಿಗೆ ವಾಪಸ್ ಬರೋಣ. 1996ರ ಫೆಬ್ರವರಿ 20. ತೀರ್ಪು ಬರೆದವರು ನ್ಯಾಯಮೂರ್ತಿ ಬಿ.ಎನ್. ಕಿರ್ಪಾಲ್. ಅವರು ಡಾಕ್ಟರುಗಳ ಪರವಾಗಿ ಹೇಳಬೇಕಾದದ್ದನ್ನ ಮೊದಲು ಹೇಳಿದರು. ಕೌಶಲ ಒಬ್ಬರಿಂದ ಒಬ್ಬರಿಗೆ ಬೇರೆ, ಒಂದೇ ರೋಗಕ್ಕೆ ಚಿಕಿತ್ಸೆಯ ದಾರಿ ಒಂದಕ್ಕಿಂತ ಹೆಚ್ಚು ಇರಬಹುದು, ಶ್ರದ್ಧೆಯಿಂದ ಮಾಡಿದವರನ್ನ ಕೋರ್ಟು ಸುಲಭವಾಗಿ ನಿರ್ಲಕ್ಷ್ಯದವರು ಅನ್ನಬಾರದು. ಆದರೆ ಹೊಟ್ಟೆಯೊಳಗಿನ ಟವೆಲ್ ಆ ಸಾಲಿಗೆ ಸೇರೋಲ್ಲ. ಇಲ್ಲಿ ಘಟನೆ ತಾನೇ ಮಾತಾಡುತ್ತದೆ ಅನ್ನುವ ಹಳೆಯ ಲ್ಯಾಟಿನ್ ತತ್ವ ಅನ್ವಯಿಸುತ್ತದೆ ಅಂದರು. ಟವೆಲ್ ಹೇಗೆ ಉಳಿಯಿತು ಅಂತ ವಿವರಿಸಬೇಕಾದವರು ಆಪರೇಷನ್ ಮಾಡಿದವರು, ಅವರು ಸರಿಯಾದ ವಿವರಣೆ ಕೊಡಲಿಲ್ಲ.

ಎರಡನೇ ಆಪರೇಷನ್‌ನಿಂದಲೇ ಸಾವು ಬಂದಿರಬಹುದಲ್ಲ ಅನ್ನೋ ವಾದಕ್ಕೂ ಉತ್ತರ ಇತ್ತು. ಹಾಗೇ ಇಟ್ಟುಕೊಳ್ಳೋಣ, ಆದರೆ ಎರಡನೇ ಆಪರೇಷನ್ ಬೇಕಾಗಿದ್ದೇ ಮೊದಲನೆಯದರಲ್ಲಿ ಬಿಟ್ಟ ಟವೆಲ್‌ನಿಂದ ಅಲ್ವಾ? ಇನ್ನು ಸರ್ಕಾರದ ರಕ್ಷಣೆ. ಆಸ್ಪತ್ರೆ ನಡೆಸೋದು ಸಾರ್ವಭೌಮ ಅಧಿಕಾರದ ಕೆಲಸ, ಅದಕ್ಕೆ ನಾವು ಹೊಣೆಯಲ್ಲ ಅನ್ನೋ ಮಾತನ್ನ ಕೋರ್ಟು ಒಪ್ಪಲಿಲ್ಲ. ಔರಂಗಾಬಾದ್ ಕೋರ್ಟಿನ 36,000 ರೂಪಾಯಿಯ ತೀರ್ಪು ಮತ್ತೆ ನಿಂತಿತು.

ಕೆಲಸದ ಮೇಲೆ ವಾಳೂಜ್ ಕೈಗಾರಿಕಾ ಪ್ರದೇಶಕ್ಕೆ ಹೋದಾಗಲೆಲ್ಲ, ಊರಿನವರು 'ಘಾಟಿ' ಅಂತ ಕರೆಯುವ ಸರ್ಕಾರಿ ಆಸ್ಪತ್ರೆಯ ಹೊರಗಿನ ಜನಜಂಗುಳಿ ನೋಡ್ತಾ ನಾನು ಆ 36,000ದ ಬಗ್ಗೆ ಯೋಚಿಸ್ತೀನಿ. 1963ರಲ್ಲಿ ಅದೊಂದು ದುಡ್ಡು. 1996ರ ಹೊತ್ತಿಗೆ ಅದರ ಬೆಲೆ ತುಂಬ ಇಳಿದಿತ್ತು. ಕುಟುಂಬ ಮೂವತ್ತೆರಡು ವರ್ಷ ಬಡಿದಾಡಿದ್ದು ಆ ದುಡ್ಡಿಗಾ? ಅಲ್ಲ ಅನ್ಸುತ್ತೆ. ನಮ್ಮ ಅಣ್ಣ ಕೇಳಿದ್ದನ್ನೇ ಅವರೂ ಕೇಳಿರಬೇಕು.

2005: ಕ್ರಿಮಿನಲ್ ಬಾಗಿಲಿಗೆ ಬೀಗ

ಹಾಗಾದ್ರೆ "ಮೊದಲು ಡಾಕ್ಟರ್ ಹತ್ರ ಬರೆಸಿಕೊಂಡು ಬನ್ನಿ" ಅನ್ನೋ ಮಾತು ಎಲ್ಲಿಂದ ಬಂತು? ಬೇರೆ ಬಾಗಿಲಿನಿಂದ. 1995ರಲ್ಲಿ ಲೂಧಿಯಾನದಲ್ಲಿ ಉಸಿರಾಡಲು ಕಷ್ಟಪಡುತ್ತಿದ್ದ ವೃದ್ಧರೊಬ್ಬರಿಗೆ ಹಚ್ಚಿದ ಆಮ್ಲಜನಕದ ಸಿಲಿಂಡರ್ ಖಾಲಿ ಇತ್ತು. ಅವರು ತೀರಿಕೊಂಡರು. ಮಗ ಪೊಲೀಸ್ ದೂರು ಕೊಟ್ಟ. ಅದೇ ಜೇಕಬ್ ಮ್ಯಾಥ್ಯೂ ಪ್ರಕರಣ. 2005ರ ಆಗಸ್ಟ್ 5ರಂದು ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ಪೀಠ ಡಾಕ್ಟರ ಮೇಲಿನ ಕ್ರಿಮಿನಲ್ ಕೇಸನ್ನು ರದ್ದು ಮಾಡಿತು. ಆಸ್ಪತ್ರೆ ಸಿವಿಲ್ ಹೊಣೆ ಹೊರಬೇಕಾಗಬಹುದು, ಆದರೆ ಡಾಕ್ಟರನ್ನು ಜೈಲಿಗೆ ಕಳಿಸುವ ಮಟ್ಟದ ಘೋರ ನಿರ್ಲಕ್ಷ್ಯ ಇದಲ್ಲ ಅಂತು.

ಜೊತೆಗೆ ನಿಯಮ ಹಾಕಿತು. ಖಾಸಗಿ ಕ್ರಿಮಿನಲ್ ದೂರಿಗೆ ಇನ್ನೊಬ್ಬ ಸಮರ್ಥ ವೈದ್ಯರ ನಂಬಲರ್ಹ ಅಭಿಪ್ರಾಯ ಇರಬೇಕು. ತನಿಖಾಧಿಕಾರಿ ಮುಂದುವರಿಯುವ ಮೊದಲು ಸ್ವತಂತ್ರ ಅಭಿಪ್ರಾಯ ಪಡೆಯಬೇಕು, ಸಾಧ್ಯವಾದಷ್ಟೂ ಸರ್ಕಾರಿ ವೈದ್ಯರಿಂದ. ಆರೋಪ ಬಂತು ಅಂತ ಸುಮ್ಮನೆ ಬಂಧಿಸಬಾರದು.

ಇದಕ್ಕೆ ಕಾರಣ ಇತ್ತು, ಅದನ್ನ ಮುಚ್ಚಿಟ್ಟು ಮಾತಾಡಬಾರದು. 2022ರ ಮಾರ್ಚ್‌ನಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ ಹೆರಿಗೆ ನಂತರದ ರಕ್ತಸ್ರಾವದಿಂದ ಬಾಣಂತಿಯೊಬ್ಬಳು ತೀರಿಕೊಂಡಾಗ ವೈದ್ಯೆಯ ಮೇಲೆ ಕೊಲೆ ಕೇಸು ಹಾಕಿದರು. ಆ ವೈದ್ಯೆ ಆತ್ಮಹತ್ಯೆ ಮಾಡಿಕೊಂಡರು. ಆಸ್ಪತ್ರೆಗಳ ಮೇಲಿನ ಹಲ್ಲೆ ತಡೆಯೋಕೆ ಮಹಾರಾಷ್ಟ್ರ 2010ರಲ್ಲೇ ಪ್ರತ್ಯೇಕ ಕಾಯ್ದೆ ತರಬೇಕಾಯ್ತು. ಜೈಲಿನ ಬಾಗಿಲಿಗೆ ಬೀಗ ಇರಲಿ. ಅದರಲ್ಲಿ ನನ್ನ ತಕರಾರಿಲ್ಲ.

ತಕರಾರು ಇರೋದು ಆ ಬೀಗವನ್ನೇ ತಂದು ಇನ್ನೊಂದು ಬಾಗಿಲಿಗೆ ಹಾಕಿದಾಗ.

384 ದಿನಗಳ ಬೀಗ

2009ರ ಫೆಬ್ರವರಿ 17. ಮುಂಬೈನ ಮಾರ್ಟಿನ್ ಡಿಸೋಜಾ ಪ್ರಕರಣದಲ್ಲಿ ಇಬ್ಬರ ಪೀಠ, ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಬರೆದ ತೀರ್ಪಿನಲ್ಲಿ, ಕ್ರಿಮಿನಲ್ ಕೋರ್ಟು ಮಾತ್ರವಲ್ಲ, ಗ್ರಾಹಕ ವೇದಿಕೆಗಳೂ ಡಾಕ್ಟರಿಗೆ ನೋಟಿಸ್ ಕೊಡುವ ಮೊದಲು ತಜ್ಞ ವೈದ್ಯರಿಗೋ ಸಮಿತಿಗೋ ಕೇಸು ಕಳಿಸಬೇಕು, ಅವರು ಮೇಲ್ನೋಟಕ್ಕೆ ನಿರ್ಲಕ್ಷ್ಯ ಇದೆ ಅಂದರೆ ಮಾತ್ರ ನೋಟಿಸ್ ಅಂತು. ಅಂದರೆ ಲಾಗಿನ್ ಪುಟದಲ್ಲೇ ಎಲ್ಲ ಪರೀಕ್ಷೆ. ಒಳಗೆ ಬಂದ ಮೇಲೆ ತೋರಿಸಬೇಕಾದ ದಾಖಲೆಯನ್ನ ಗೇಟಿನಲ್ಲೇ ತೋರಿಸು, ಇಲ್ಲಾಂದ್ರೆ ಒಳಗೇ ಬರಬೇಡ. ಟವೆಲ್ ಕೇಸಿನವರಿಗೂ ಅದೇ ಸಾಲು, ಅನುಮಾನದ ಕೇಸಿನವರಿಗೂ ಅದೇ ಸಾಲು.

ಅದೇ ವರ್ಷ ಮೇ 14ರಂದು ಇನ್ನೊಂದು ತೀರ್ಪು ಬಂತು. ನಮ್ಮ ಕೆಲಸದವರು ಇದನ್ನ ತಿಳಿದಿರಬೇಕು. 1990ರಲ್ಲಿ ಹೈದರಾಬಾದಿನಲ್ಲಿ ಆಪರೇಷನ್ ಆದ ಮೇಲೆ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಇಪ್ಪತ್ತರ ಎಂಜಿನಿಯರಿಂಗ್ ವಿದ್ಯಾರ್ಥಿ, ಮುಂದೆ ಇನ್ಫೋಸಿಸ್‌ನಲ್ಲಿ ಕೆಲಸಕ್ಕಿದ್ದವರು, ಗಾಲಿಕುರ್ಚಿಯಲ್ಲಿ ಕೂತು ಸುಪ್ರೀಂ ಕೋರ್ಟಿನಲ್ಲಿ ತಮ್ಮ ಕೇಸನ್ನ ತಾವೇ ವಾದಿಸಿದರು. 1 ಕೋಟಿ ರೂಪಾಯಿ ಪರಿಹಾರ ಬಂತು. ರೋಗಿ ತನ್ನ ಪಾಲಿನ ಆರಂಭಿಕ ಹೊರೆಯನ್ನ ನಿಭಾಯಿಸಿದರೆ, ಎಚ್ಚರಿಕೆ ವಹಿಸಿದ್ದೆವು ಅಂತ ತೋರಿಸುವ ಹೊಣೆ ಆಸ್ಪತ್ರೆಗೆ ದಾಟುತ್ತದೆ ಅಂತ ಕೋರ್ಟು ಹೇಳಿತು.

ಆಮೇಲೆ 2010ರ ಮಾರ್ಚ್ 8, ಕಿಶನ್ ರಾವ್ ಪ್ರಕರಣ. ಗಂಡ ಮಲೇರಿಯಾ ಇಲಾಖೆಯ ಅಧಿಕಾರಿ. ಹೆಂಡತಿಗೆ ಬಿಟ್ಟು ಬಿಟ್ಟು ಬರುವ ಚಳಿಜ್ವರ. ಆಸ್ಪತ್ರೆಯಲ್ಲಿ ಟೈಫಾಯ್ಡ್ ಅಂತ ಚಿಕಿತ್ಸೆ ಕೊಟ್ಟರು. ಆಕೆ ಉಳಿಯಲಿಲ್ಲ. ಜಿಲ್ಲಾ ವೇದಿಕೆ 2 ಲಕ್ಷ ಪರಿಹಾರ ಕೊಟ್ಟಿತು, ಮೇಲಿನವರು ತಜ್ಞರ ಅಭಿಪ್ರಾಯ ಇಲ್ಲ ಅಂತ ತೆಗೆದುಹಾಕಿದರು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಸಿಂಘ್ವಿ ಮತ್ತು ಗಂಗೂಲಿ ಅದನ್ನ ಮರಳಿ ಕೊಟ್ಟರು. ಪ್ರತಿ ಕೇಸಿಗೂ ತಜ್ಞರ ಸಾಕ್ಷ್ಯ ಕಡ್ಡಾಯ ಅಲ್ಲ, ಬೇಕೋ ಬೇಡವೋ ಅಂತ ಆಯಾ ವೇದಿಕೆ ಆಯಾ ಕೇಸು ನೋಡಿ ತೀರ್ಮಾನಿಸಲಿ ಅಂದರು. ಇನ್ನೊಂದು ಮಾತು: 1995ರ ತೀರ್ಪು, 2002ರ ಮರ್ಚೆಂಟ್ ತೀರ್ಪು ಎರಡೂ ಮೂವರ ಪೀಠದ್ದು. ಇಬ್ಬರ ಪೀಠ ಅದನ್ನ ದಾಟಿ ಹೋಗುವಂತಿಲ್ಲ. ಹಾಗಾಗಿ ಡಿಸೋಜಾ ತೀರ್ಪಿನ ಆ ನಿರ್ದೇಶನ ಗ್ರಾಹಕ ವೇದಿಕೆಗಳನ್ನ ಕಟ್ಟಿಹಾಕೋಲ್ಲ.

ಬೀಗ ಇದ್ದದ್ದು 384 ದಿನ. ಆದರೆ ನಾಸಿಕ್‌ನಲ್ಲಿ 2022ರಲ್ಲಿ ನಮಗೆ ಬುದ್ಧಿ ಹೇಳಿದವರ ತಲೆಯಲ್ಲಿ ಅದು ಇನ್ನೂ ಇತ್ತು. ನಾವು ಕೂಡ ಕೇಳಿ ನಂಬಿದೆವು. ಡಾಕ್ಯುಮೆಂಟೇಷನ್ ಓದದೆ ಹಳೇ ಫೋರಂ ಉತ್ತರ ನಂಬಿದ ಹಾಗೆ.

ತಜ್ಞ ಅಂದರೆ ಯಾರು?

2021ರ ಏಪ್ರಿಲ್ 21 ನೆನಪಿದೆಯಾ? ಕೋವಿಡ್ ಎರಡನೇ ಅಲೆ. ನಾಸಿಕ್ ಮಹಾನಗರಪಾಲಿಕೆಯ ಡಾ. ಝಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ಆಮ್ಲಜನಕದ ಟ್ಯಾಂಕ್ ಸೋರಿ, ಒತ್ತಡ ಇಳಿದು, ಆ ದಿನ 22 ರೋಗಿಗಳು ಸತ್ತರು. ಟಿವಿಯಲ್ಲಿ ಬಿಳೀ ಹೊಗೆ ಆವರಿಸಿದ ಅಂಗಳ ನೋಡಿದ್ದೀರಿ. ಸರ್ಕಾರ ವಿಭಾಗೀಯ ಆಯುಕ್ತರ ನೇತೃತ್ವದಲ್ಲಿ ತನಿಖಾ ಸಮಿತಿ ಮಾಡಿತು.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಸಾವುಗಳಿಗೆ ತಜ್ಞ ಯಾರು? ಶ್ವಾಸಕೋಶದ ಡಾಕ್ಟರಾ? ಅವರು ಆಮ್ಲಜನಕ ನಿಂತರೆ ಏನಾಗುತ್ತೆ ಅಂತ ಹೇಳಬಹುದು, ಅದು ನಮಗೂ ಗೊತ್ತು. ಬೇಕಾದದ್ದು ಕವಾಟ, ಪೈಪು, ಒತ್ತಡ, ನಿರ್ವಹಣೆಯ ಕರಾರು ಗೊತ್ತಿರುವ ಎಂಜಿನಿಯರ್. ಸಾಕ್ಷ್ಯ ಕಾಯ್ದೆ ತಜ್ಞ ಅಂದರೆ ಡಾಕ್ಟರ್ ಅಂತ ಹೇಳೋಲ್ಲ, ಆ ವಿಷಯದಲ್ಲಿ ವಿಶೇಷ ಪರಿಣತಿ ಇರುವವರು ಅಂತಷ್ಟೇ ಹೇಳುತ್ತೆ.

ಇದು ತಲೆಗೆ ಹೊಳೆದ ದಿನ ನಾನು ದೊಡ್ಡಮ್ಮನ ಫೈಲ್ ಮತ್ತೆ ತೆಗೆದೆ. ನಾವು ಮೂರು ಸರ್ಜನ್‌ಗಳ ಹತ್ತಿರ ಹೋಗಿದ್ದೆವು. ಆದರೆ ಆಪರೇಷನ್‌ನಲ್ಲಿ ತಪ್ಪೇ ಇರಲಿಲ್ಲವಲ್ಲ! ತಪ್ಪಿದ್ದು ಆರೈಕೆಯಲ್ಲಿ. ಹೊರಳಲಾಗದ ರೋಗಿಯನ್ನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅನ್ನೋದು ನರ್ಸಿಂಗ್ ಓದುವ ಹುಡುಗಿಯರಿಗೆ ಶುರುವಿನಲ್ಲೇ ಕಲಿಸುವ ಪಾಠ. ಫೈಲಿನಲ್ಲಿ ಜ್ವರದ ಚಾರ್ಟ್ ಇತ್ತು, ಮಾತ್ರೆಯ ಚಾರ್ಟ್ ಇತ್ತು. ಮಗ್ಗುಲು ಬದಲಿಸಿದ ದಾಖಲೆ ಒಂದೂ ಇರಲಿಲ್ಲ. ನಮಗೆ ಬೇಕಿದ್ದ ತಜ್ಞೆ ಒಬ್ಬ ಹಿರಿಯ ನರ್ಸ್ ಆಗಿದ್ದಳು, ಬಹುಶಃ ನಿವೃತ್ತ ನರ್ಸಿಂಗ್ ಅಧ್ಯಾಪಕಿ. ಊರಲ್ಲಿ ಪ್ರಾಕ್ಟೀಸ್ ಕಳೆದುಕೊಳ್ಳುವ ಭಯ ಇಲ್ಲದವಳು. ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇರೋದೇ ನಾಸಿಕ್‌ನಲ್ಲಿ. ಅಂಥವರು ಅದೇ ಊರಲ್ಲಿ ಇದ್ದಿರಲೇಬೇಕು. ನಾವು ಕೇಳಲೇ ಇಲ್ಲ.

ಬಹುಶಃ ಅವಳೂ ಬೇಕಿರಲಿಲ್ಲ. ಮೂಳೆ ಕಾಣುವ ಹುಣ್ಣು, ಖಾಲಿ ಚಾರ್ಟ್. ಅದು ನಮ್ಮ ಟವೆಲ್ ಆಗಿತ್ತು.

ಮನೆಯಲ್ಲಿ ಅಪ್ಪ ಅಮ್ಮ ಇರುವವರಿಗೆ

ನಮ್ಮಲ್ಲಿ ಹೆಚ್ಚಿನವರು ಪುಣೆ, ಹೈದರಾಬಾದ್, ಸಿಂಗಪುರ, ನ್ಯೂಜೆರ್ಸಿಯಲ್ಲಿ ಇದ್ದೇವೆ. ತಂದೆತಾಯಿ ದಾವಣಗೆರೆಯಲ್ಲೋ ಶಿರಸಿಯಲ್ಲೋ. ಫೋನಿನಲ್ಲಿ ಸುದ್ದಿ ಬರೋ ಹೊತ್ತಿಗೆ ಆಸ್ಪತ್ರೆ ಸೇರಿ ಆಗಿರುತ್ತೆ. ಹಾಗಾಗಿ ಮೂರು ಮಾತು.

ಮೊದಲನೆಯದು, ದಾಖಲೆ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ರೋಗಿಯೋ ಅಧಿಕೃತ ಸಂಬಂಧಿಯೋ ಕೇಳಿದರೆ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕು. ಡಿಸ್ಚಾರ್ಜ್ ಸಾರಾಂಶ ಸಾಲದು. ನರ್ಸಿಂಗ್ ಚಾರ್ಟ್, ಔಷಧಿ ಚಾರ್ಟ್, ಒಪ್ಪಿಗೆ ಪತ್ರ, ಎಲ್ಲ ಕೇಳಿ. ಲಿಖಿತವಾಗಿ ಕೇಳಿ, ತಾರೀಕು ಹಾಕಿಸಿಕೊಳ್ಳಿ. ಲಾಗ್ ಇಲ್ಲದೆ ಡಿಬಗ್ ಮಾಡೋಕಾಗಲ್ಲ.

ಎರಡನೆಯದು, ಜಾಗ ಮತ್ತು ಕಾಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಕಾಯ್ದೆಯಲ್ಲಿ, ದೂರುದಾರ ವಾಸವಿರುವ ಅಥವಾ ಕೆಲಸ ಮಾಡುವ ಊರಿನ ಆಯೋಗದಲ್ಲೇ ದೂರು ಹಾಕಬಹುದು. ಆಸ್ಪತ್ರೆ ನಾಸಿಕ್‌ನಲ್ಲಿದ್ದರೂ ಬೆಂಗಳೂರಿನಲ್ಲಿರುವ ವಾರಸುದಾರ ಮಗಳು ಬೆಂಗಳೂರಲ್ಲೇ ಹಾಕಬಹುದು, ಆನ್‌ಲೈನ್‌ನಲ್ಲೂ ಆಗುತ್ತೆ. ಕೊಟ್ಟ ಬಿಲ್ಲು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಆದರೆ ಎರಡು ವರ್ಷದೊಳಗೆ ಹಾಕಬೇಕು. ಪೂರ್ತಿ ಉಚಿತ ಸರ್ಕಾರಿ ಆಸ್ಪತ್ರೆ ಆದರೆ ಈ ದಾರಿ ಇಲ್ಲ, ಔರಂಗಾಬಾದ್ ಕುಟುಂಬದ ಹಾಗೆ ಸಿವಿಲ್ ಕೋರ್ಟೇ ಗತಿ.

ಮೂರನೆಯದು, ತಜ್ಞರ ಸಹಿ ದೂರು ಹಾಕೋಕೆ ಟಿಕೆಟ್ ಅಲ್ಲ. ಆದರೆ ಗೆಲ್ಲೋಕೆ ಬೇಕಾಗಬಹುದು. ಸೂಕ್ಷ್ಮ ಕೇಸಿನಲ್ಲಿ, ಯಾವ ಔಷಧಿ ಎಷ್ಟು, ಯಾವಾಗ ಆಪರೇಷನ್ ಮಾಡಬೇಕಿತ್ತು ಅನ್ನೋ ಕಡೆ, ಅಭಿಪ್ರಾಯ ಇಲ್ಲದೆ ಎಷ್ಟೋ ದೂರುಗಳು ಬಿದ್ದುಹೋಗುತ್ತವೆ. ಆಗ ಆಸ್ಪತ್ರೆ ಇರುವ ಊರಿನ ಡಾಕ್ಟರನ್ನೇ ಕೇಳಬೇಡಿ. ಬೇರೆ ಊರಿನವರನ್ನ, ಬೇರೆ ರಾಜ್ಯದವರನ್ನ ಕೇಳಿ. ಪಾಟಿ ಸವಾಲನ್ನ ವಿಡಿಯೋ ಕಾನ್ಫರೆನ್ಸ್‌ನಲ್ಲಿ ಮಾಡಬಹುದು ಅಂತ ಆ 2002ರ ಮರ್ಚೆಂಟ್ ತೀರ್ಪಿನಲ್ಲೇ ಇದೆ. ನಾವೆಲ್ಲ ಮನೆಯಿಂದ ಮೀಟಿಂಗ್ ಮಾಡೋಕೆ ಹದಿನೆಂಟು ವರ್ಷ ಮೊದಲು!

ಕೊನೆಗೆ ನಮ್ಮ ಮನೆಯ ಕತೆ. ಕಿಶನ್ ರಾವ್ ತೀರ್ಪನ್ನ ನಾನು ಪೂರ್ತಿ ಓದಿದ್ದು 2024ರ ದೀಪಾವಳಿ ರಜೆಯಲ್ಲಿ. ದೊಡ್ಡಮ್ಮ ಹೋಗಿ ಎರಡು ವರ್ಷ ದಾಟಿ ಎರಡು ತಿಂಗಳಾಗಿತ್ತು. ತಡವಾದದ್ದನ್ನ ಮನ್ನಿಸಿ ಅಂತ ಅರ್ಜಿ ಹಾಕೋಕೆ ಅವಕಾಶ ಇದೆ, ಸಕಾರಣ ಕೊಡಬೇಕು. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಯಾರೋ ತಪ್ಪು ಹೇಳಿದ್ರು, ನಾವು ನಂಬಿದ್ವಿ ಅಂತ ಬರೆಯೋಕಾಗುತ್ತಾ?" ಅಂದ.

ಫೈಲ್ ಇನ್ನೂ ಅವನ ಗಾಡ್ರೇಜ್ ಬೀರುವಿನಲ್ಲಿದೆ, ದೊಡ್ಡಮ್ಮನ ಇಳಕಲ್ ಸೀರೆಗಳ ಕೆಳಗೆ. ಅರ್ಜಿ ಹಾಕೋದಾ ಬೇಡವಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ನಿಮ್ಮ ಮನೆಯಲ್ಲಿ ಇಂಥ ಫೈಲ್ ಇದ್ದರೆ, ಯಾರ ಸಹಿಗೂ ಕಾಯಬೇಡಿ. ಮೊದಲು ಅದರ ಮೇಲಿನ ತಾರೀಕು ನೋಡಿ.